ಶುಕ್ರವಾರದ ಅಭ್ಯಾಸ ಓಟದ ಪಟ್ಟಿಯನ್ನು ಎಷ್ಟು ನಂಬಬಹುದು?

ಕದ್ರಿ ಕಂಬಳದವ
ಫಾರ್ಮುಲಾ ವನ್ ನೋಡುವವರಲ್ಲಿ ಒಂದು ಪ್ರಶ್ನೆಯಿದೆ. ಯುರೋಪಿನ ರೇಸುಗಳಿದ್ದಾಗ ಶುಕ್ರವಾರದ ಮೊದಲ ಅಭ್ಯಾಸ ಓಟ ನಮ್ಮಲ್ಲಿ ಹೆಚ್ಚಾಗಿ ಸಂಜೆ 5 ಗಂಟೆಗೆ, ಎರಡನೆಯದು ರಾತ್ರಿ 8:30ಕ್ಕೆ ಬರುತ್ತದೆ. ನಮ್ಮ ಆಫೀಸಿನಲ್ಲಿ ಕೆಲವರು ಸೇರಿ, ಆ ಎರಡು ಓಟಗಳ ಸಮಯದ ಪಟ್ಟಿಯನ್ನು ನೋಡಿ ಭಾನುವಾರ ಯಾರು ಗೆಲ್ಲುತ್ತಾರೆಂದು ಶುಕ್ರವಾರ ರಾತ್ರಿಯೇ ಬರೆದಿಡುತ್ತೇವೆ. ತಪ್ಪಿದವರು ಸೋಮವಾರ ಎಲ್ಲರಿಗೂ ಗೋಳಿಬಜೆ ಕೊಡಿಸಬೇಕು. ಪಟ್ಟಿಯಲ್ಲಿ ಮೊದಲು ಬಂದವನ ಹೆಸರನ್ನು ಬರೆದವರೇ ಪ್ರತಿ ಸಲವೂ ಜೇಬಿಗೆ ಕೈಹಾಕುತ್ತಿದ್ದಾರೆ.

ಶನಿವಾರದ್ದೂ ಸೇರಿ ಒಂದೊಂದು ಗಂಟೆಯ ಮೂರು ಅಭ್ಯಾಸ ಓಟಗಳಿದ್ದರೂ ಅರ್ಧ ಹೊತ್ತು ಕಾರುಗಳು ಗ್ಯಾರೇಜಿನಿಂದ ಹೊರಗೇ ಬರುವುದಿಲ್ಲ. ಬಂದರೂ ಒಮ್ಮೆ ವೇಗವಾಗಿ ಓಡುತ್ತವೆ, ಒಮ್ಮೆ ಪೇಟೆ ಸುತ್ತಲು ಹೊರಟವರಂತೆ ನಿಧಾನಕ್ಕೆ ಹೋಗುತ್ತವೆ. ಈ ತಂಡಗಳು ನಿಜವಾಗಿ ಮಾಡುತ್ತಿರುವುದಾದರೂ ಏನು? ಪಟ್ಟಿಯಿಂದ ಏನೂ ತಿಳಿಯುವುದಿಲ್ಲ ಎಂದಾದರೆ ಅದನ್ನು ತೋರಿಸುವುದು ಯಾಕೆ?

ಮಲ್ಪೆ ಶೆಟ್ಟಿ
ಪಟ್ಟಿಯನ್ನು ಬಿಟ್ಟು ಹತ್ತು ಸುತ್ತಿನ ಸರಾಸರಿಯನ್ನು ಹಿಡಿಯಿರಿ. ಉಳಿದದ್ದನ್ನು ತಿಳಿದವರು ವಿವರಿಸಲಿ.

ಮಣಿಪಾಲ ಮೆಕ್ಯಾನಿಕಲ್
ಶೆಟ್ರು ಒಂದೇ ಸಾಲಿನಲ್ಲಿ ಹೇಳಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಟ್ಟಿಯಲ್ಲಿ ಕಾಣುವುದು ಪ್ರತಿ ಚಾಲಕನ ಅತಿ ವೇಗದ ಒಂದು ಸುತ್ತು ಮಾತ್ರ. ಆ ಸುತ್ತಿನಲ್ಲಿ ಕಾರಿನ ಟ್ಯಾಂಕಿನಲ್ಲಿ ಎಷ್ಟು ಇಂಧನವಿತ್ತು, ಎಂಜಿನ್ನಿನ ಶಕ್ತಿಯನ್ನು ಎಷ್ಟರ ಮಟ್ಟಿಗೆ ಬಳಸಿದ್ದರು ಎಂಬುದು ಪಟ್ಟಿಯಲ್ಲಿ ಇರುವುದಿಲ್ಲ. ಟಯರಿನ ಬಣ್ಣವನ್ನಾದರೂ ನೋಡಬಹುದು, ಇಂಧನವನ್ನು ಹೊರಗಿನವರು ನೋಡುವ ಹಾಗೆಯೇ ಇಲ್ಲ. 2025ರವರೆಗಿನ ನಿಯಮದಂತೆ ರೇಸಿಗೆ ಗರಿಷ್ಠ 110 ಕಿಲೋ ಇಂಧನವನ್ನು ಬಳಸಬಹುದಿತ್ತು. ಒಂದು ಕಿಲೋ ಹೆಚ್ಚಾದರೆ ಸಾಮಾನ್ಯ ಉದ್ದದ ಟ್ರ್ಯಾಕಿನಲ್ಲಿ ಸುತ್ತಿಗೆ ಸುಮಾರು 0.03 ಸೆಕೆಂಡು ನಷ್ಟವೆಂಬುದು ಎಲ್ಲರೂ ಹಿಡಿಯುವ ಅಂದಾಜು. ಹಾಗಾದರೆ ತುಂಬಿದ ಕಾರಿಗೂ ಬರಿದಾದ ಕಾರಿಗೂ ನಡುವೆ ಮೂರು ಸೆಕೆಂಡಿಗಿಂತ ಹೆಚ್ಚಿನ ಅಂತರವಾಯಿತು, ಆದರೆ ಪಟ್ಟಿಯಲ್ಲಿ ಮೊದಲನೆಯವನಿಗೂ ಹತ್ತನೆಯವನಿಗೂ ನಡುವೆ ಎಷ್ಟೋ ಸಲ ಒಂದು ಸೆಕೆಂಡಿನ ಅಂತರವೂ ಇರುವುದಿಲ್ಲ. ಒಂದು ತಂಡ 20 ಕಿಲೋ ಹೆಚ್ಚು ತುಂಬಿಸಿ ಕಳಿಸಿದರೆ ಸಾಕು, ಇಡೀ ಪಟ್ಟಿ ತಲೆಕೆಳಗಾಗುತ್ತದೆ.

ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 2006ರ ಟರ್ಕಿ ರೇಸಿನದು. ಆಗ ಹಿಂದಿನ ವರ್ಷ ಮೊದಲ ನಾಲ್ಕು ಸ್ಥಾನಗಳಿಂದ ಹೊರಗಿದ್ದ ತಂಡಗಳಿಗೆ ಶುಕ್ರವಾರ ಮಾತ್ರ ಮೂರನೆಯ ಕಾರನ್ನು ಓಡಿಸಲು ಅವಕಾಶವಿತ್ತು. ಬಿಎಂಡಬ್ಲ್ಯು ಸೌಬರ್ ತಂಡದ ಮೂರನೆಯ ಕಾರಿನಲ್ಲಿ ಕುಳಿತ 19 ವರ್ಷದ ಸೆಬಾಸ್ಟಿಯನ್ ವೆಟ್ಟೆಲ್ ಎರಡನೆಯ ಅಭ್ಯಾಸದಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿದ. ರೇಸಿನ ಚಾಲಕರು ಒಂದೇ ಎಂಜಿನ್ನನ್ನು ಎರಡು ರೇಸುಗಳಿಗೆ ಬಾಳಿಸಬೇಕಿತ್ತು, ಮೂರನೆಯ ಕಾರಿಗೆ ಆ ಚಿಂತೆ ಇರಲಿಲ್ಲ. ಭಾನುವಾರ ಫೆಲಿಪೆ ಮಾಸಾ ಗೆದ್ದ. ಪಟ್ಟಿಯ ಮೊದಲಿಗ ಆ ರೇಸಿನಲ್ಲಿ ಓಡಲೇ ಇಲ್ಲ.

ಪಡುಬಿದ್ರಿ ಭಟ್ಟ
ನನ್ನ ಅಭಿಪ್ರಾಯವೇ ಬೇರೆ. ಶುಕ್ರವಾರವೂ ಟಿಕೆಟು ಮಾರಾಟವಾಗಬೇಕು, ಟಿವಿಯವರಿಗೆ ಮೂರು ದಿನದ ಸರಕು ಸಿಗಬೇಕು, ಅದಕ್ಕಾಗಿ ಈ ಅಭ್ಯಾಸವೆಂಬ ಏರ್ಪಾಡು. ಈಗ ತಂಡಗಳಿಗೆ ಟ್ರ್ಯಾಕನ್ನೇ ಅನುಕರಿಸುವ ಸಿಮ್ಯುಲೇಟರ್ ಇದೆ, ಹತ್ತಾರು ವರ್ಷಗಳ ದತ್ತಾಂಶವಿದೆ. ಅದೇ ಟ್ರ್ಯಾಕಿಗೆ ಪ್ರತಿ ವರ್ಷ ಹೋಗಿ ಹೊಸದಾಗಿ ಕಲಿಯುವುದಕ್ಕೆ ಏನಿದೆ?

ಸುರತ್ಕಲ್ ಸುಧಾ
ಭಟ್ರೇ, ಟ್ರ್ಯಾಕು ಅದೇ ಇರಬಹುದು, ಆದರೆ ಅದರ ಮೇಲಿನ ಹಿಡಿತ ಶುಕ್ರವಾರ ಬೆಳಗ್ಗೆ ಇದ್ದಂತೆ ಭಾನುವಾರ ಇರುವುದಿಲ್ಲ. ಕಾರುಗಳು ಓಡಿದಂತೆಲ್ಲ ರಬ್ಬರ್ ಡಾಂಬರಿಗೆ ಅಂಟಿ ಹಿಡಿತ ಹೆಚ್ಚುತ್ತದೆ, ರಾತ್ರಿ ಒಂದು ಮಳೆ ಹೊಡೆದರೆ ಅದೆಲ್ಲ ತೊಳೆದುಹೋಗುತ್ತದೆ. ಟಯರ್ ಕೂಡ ಅದೇ ಇರುವುದಿಲ್ಲ, ಯಾಕೆಂದರೆ ಟಯರ್ ಒದಗಿಸುವ ಪಿರೆಲ್ಲಿ ಕಂಪನಿ ತನ್ನ ಸಾಲಿನಲ್ಲಿರುವ ರಬ್ಬರ್ ಮಿಶ್ರಣಗಳಲ್ಲಿ ಯಾವ ಮೂರನ್ನು ಈ ವಾರ ತರಬೇಕೆಂದು ಟ್ರ್ಯಾಕನ್ನು ನೋಡಿ ಆರಿಸುತ್ತದೆ. ಕಾರಂತೂ ಪ್ರತಿ ಕೆಲವು ರೇಸುಗಳಿಗೆ ಹೊಸ ಬಿಡಿಭಾಗಗಳನ್ನು ತೊಟ್ಟು ಬರುತ್ತದೆ. ಹೀಗಿರುವಾಗ ಹಳೆಯ ದತ್ತಾಂಶ ಎಲ್ಲಿಂದ ಆರಂಭಿಸಬೇಕೆಂದು ಹೇಳುತ್ತದೆಯೇ ಹೊರತು ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ.

ಕಾರುಗಳು ಗ್ಯಾರೇಜಿನಲ್ಲೇ ನಿಲ್ಲುವುದಕ್ಕೂ ಟಯರಿಗೂ ನೇರ ಸಂಬಂಧವಿದೆ. 2025ರ ನಿಯಮದಲ್ಲಿ ಸಾಮಾನ್ಯ ವಾರಾಂತ್ಯಕ್ಕೆ ಒಬ್ಬ ಚಾಲಕನಿಗೆ ಒಣ ಹವೆಯ ಟಯರಿನ 13 ಸೆಟ್ ಸಿಗುತ್ತಿತ್ತು: ಕೆಂಪು ಪಟ್ಟಿಯ ಮೃದು ಟಯರ್ 8, ಹಳದಿಯ ಮಧ್ಯಮ 3, ಬಿಳಿಯ ಗಡಸು 2. ಪ್ರತಿ ಅಭ್ಯಾಸ ಓಟದ ಬಳಿಕ ಎರಡು ಸೆಟ್ಟುಗಳನ್ನು ಹಿಂದಿರುಗಿಸಬೇಕು, ಅಂದರೆ ರೇಸಿನಲ್ಲಿ ಹೊರಡುವ ಸ್ಥಾನವನ್ನು ನಿರ್ಧರಿಸುವ ಕ್ವಾಲಿಫೈಯಿಂಗ್ ಮತ್ತು ರೇಸಿಗೆ ಉಳಿಯುವುದು ಏಳೇ ಸೆಟ್. ಒಂದು ಗಂಟೆಗೆ ಎರಡೇ ಸೆಟ್ ಖರ್ಚು ಮಾಡುವವರು ಅರವತ್ತು ನಿಮಿಷವೂ ಓಡುವುದೆಲ್ಲಿ? ಅದರ ಮೇಲೆ, ಸ್ಪ್ರಿಂಗ್ ಅಥವಾ ತಿರುವಿನಲ್ಲಿ ಕಾರು ವಾಲದಂತೆ ಹಿಡಿಯುವ ಆಂಟಿ ರೋಲ್ ಬಾರ್ ಬದಲಿಸಲು ಹಿಡಿಯುವ ಹೊತ್ತು ಬೇರೆ ಇದೆ.

ಕದ್ರಿ ಕಂಬಳದವ
ಸುಧಕ್ಕ, ಇದು ತಿಳಿಯಿತು. ಹಾಗಾದರೆ ಮೊದಲ ಅಭ್ಯಾಸದ ಆರಂಭದಲ್ಲಿ ಕಾರಿನ ಪಕ್ಕಕ್ಕೆಲ್ಲ ಹಸಿರು ಬಣ್ಣ ಬಳಿದು, ಮುಂದಿನ ಚಕ್ರದ ಹಿಂದೆ ಮಂಚದ ಸರಳುಗಳಂತಹ ಏನನ್ನೋ ಕಟ್ಟಿಕೊಂಡು ಹೊರಡುತ್ತಾರಲ್ಲ, ಅದು ಯಾತಕ್ಕೆ?

ಮಣಿಪಾಲ ಮೆಕ್ಯಾನಿಕಲ್
ಆ ಬಣ್ಣಕ್ಕೆ ಫ್ಲೋ-ವಿಸ್ ಎನ್ನುತ್ತಾರೆ. ಪ್ಯಾರಾಫಿನ್‌ನಂತಹ ಹಗುರ ಎಣ್ಣೆಯಲ್ಲಿ ಹೊಳೆಯುವ ಪುಡಿಯನ್ನು ಕಲಸಿ, ಕಾರು ಹೊರಡುವ ಕೊನೆಯ ಗಳಿಗೆಯಲ್ಲಿ ವಿಂಗಿನ ಮೇಲೋ ತಳದ ಅಂಚಿಗೋ ದಪ್ಪವಾಗಿ ಬಳಿಯುತ್ತಾರೆ. ಕಾರು ಓಡುವಾಗ ಗಾಳಿ ಆ ಎಣ್ಣೆಯನ್ನು ತಳ್ಳಿಕೊಂಡು ಹೋಗಿ ಗೆರೆಗಳನ್ನು ಎಳೆಯುತ್ತದೆ, ಎಣ್ಣೆ ಆರಿದ ಮೇಲೆ ಗೆರೆಗಳು ಹಾಗೆಯೇ ಉಳಿಯುತ್ತವೆ. ಗೆರೆ ನೇರವಾಗಿ ಹಿಂದಕ್ಕೆ ಹರಿದಿದ್ದರೆ ಗಾಳಿ ಮೇಲ್ಮೈಗೆ ಅಂಟಿಕೊಂಡೇ ಹೋಗಿದೆ ಎಂದರ್ಥ. ಒಂದು ಕಡೆ ಬಣ್ಣ ಸುರುಳಿಗಟ್ಟಿ ಮುದ್ದೆಯಾಗಿ ನಿಂತಿದ್ದರೆ ಅಲ್ಲಿ ಗಾಳಿ ಮೇಲ್ಮೈಯನ್ನು ಬಿಟ್ಟಿದೆ, ಆ ಭಾಗದಲ್ಲಿ ಕಾರನ್ನು ನೆಲಕ್ಕೆ ಒತ್ತುವ ಬಲವಾದ ಡೌನ್‌ಫೋರ್ಸ್ ಕಡಿಮೆಯಾಗಿದೆ. ಕಾರು ಮರಳಿದ ಕೂಡಲೇ ಒಬ್ಬ ಓಡಿಬಂದು ಬೇರೆ ಬೇರೆ ಕೋನದಿಂದ ಫೋಟೋ ತೆಗೆಯುವುದನ್ನು ನೀವು ಗಮನಿಸಿರಬಹುದು. ಪಕ್ಕದ ತಂಡದವರು ನೋಡಬಾರದೆಂದು ಉಳಿದವರು ಅಡ್ಡ ನಿಲ್ಲುವುದೂ ಉಂಟು.

ಸರಳುಗಳಂತೆ ಕಾಣುವ ಚೌಕಟ್ಟಿನಲ್ಲಿ ಸಾಲುಸಾಲಾಗಿ ಪಿಟೋ ಕೊಳವೆಗಳಿರುತ್ತವೆ. ಚಕ್ರದ ಹಿಂದೆ ಗಾಳಿಯ ಒತ್ತಡ ಎಲ್ಲಿ ಎಷ್ಟಿದೆ ಎಂಬುದನ್ನು ಅವು ಅಳೆಯುತ್ತವೆ. ಆ ಹೊತ್ತಿಗೆ ಚಾಲಕ ನೇರ ರಸ್ತೆಯಲ್ಲಿ ಒಂದೇ ವೇಗವನ್ನು ಬಿಡದೆ ಹಿಡಿದಿರಬೇಕು, ನೀವು ಪೇಟೆ ಸುತ್ತುವುದೆಂದು ಬರೆದಿರುವುದು ಬಹುಶಃ ಇದೇ. ವಿಂಡ್ ಟನಲ್‌ನಲ್ಲಿ ಇಡುವುದು ಶೇ. 60ರ ಅಳತೆಯ ಮಾದರಿಯನ್ನು, ಕಂಪ್ಯೂಟರಿನಲ್ಲಿ ಇರುವುದು ಲೆಕ್ಕವನ್ನು. ಅವೆರಡೂ ಹೇಳಿದಂತೆ ನಿಜವಾದ ಕಾರು ನಡೆದುಕೊಳ್ಳುತ್ತಿದೆಯೇ ಎಂದು ತಿಳಿಯುವುದು ಇಲ್ಲಿಯೇ. ಕಾರ್ಖಾನೆಯಲ್ಲಿ ಸುತ್ತಿಗೆ 0.2 ಸೆಕೆಂಡು ಲಾಭವೆಂದು ಕಂಡ ಹೊಸ ತಳಭಾಗ ಟ್ರ್ಯಾಕಿನಲ್ಲಿ ಏನೂ ಕೊಡದೆ ಹೋದ ಕಥೆಗಳು ಪ್ರತಿ ವರ್ಷವೂ ಇವೆ. ಅದಕ್ಕಾಗಿಯೇ ಎಷ್ಟೋ ಸಲ ಒಂದು ಕಾರಿಗೆ ಹೊಸ ಭಾಗವನ್ನೂ ಇನ್ನೊಂದಕ್ಕೆ ಹಳೆಯದನ್ನೂ ಹಾಕಿ ಒಂದೇ ಹೊತ್ತಿಗೆ ಹೊರಗೆ ಬಿಡುತ್ತಾರೆ.

ಕಾರ್ಕಳದ ಕೋಣ
ಇಷ್ಟೆಲ್ಲ ವಿಜ್ಞಾನ ಬೇಡ ಮಾರಾಯ್ರೇ. ನಮ್ಮ ಕಂಬಳದಲ್ಲಿಯೂ ಋತುವಿಗೆ ಮೊದಲು ಕುದಿ ಕಂಬಳವೆಂಬ ಅಭ್ಯಾಸ ಮಾಡಿ ಕೋಣಗಳನ್ನು ಕೆಸರಿನ ಕರೆಗೆ ಇಳಿಸುತ್ತಾರೆ, ಅಲ್ಲಿ ಯಾವ ಜೋಡಿ ಮುಂದೆ ಬಂತೆಂದು ಯಾರೂ ಪದಕ ಕೊಡುವುದಿಲ್ಲ. ಕೋಣಕ್ಕೆ ಕೆಸರಿನ ರೂಢಿಯಾಗಬೇಕು, ಓಡಿಸುವವನಿಗೆ ಕೋಣದ ಅಂದಾಜು ಸಿಗಬೇಕು, ಅಷ್ಟೇ. ಇದೂ ಅದೇ ಅಲ್ಲವೇ?

ಸುರತ್ಕಲ್ ಸುಧಾ
ಅರ್ಧ ಮಾತ್ರ ಸರಿ. ಕುದಿಗೆ ಇಳಿದ ಕೋಣವೇ ನಿಜವಾದ ಕಂಬಳ ಕೂಟಕ್ಕೂ ಬರುತ್ತದೆ. ಇಲ್ಲಿ ಅಭ್ಯಾಸಕ್ಕೆ ಇಳಿಯುವ ಕಾರು ರೇಸಿಗೆ ಇಳಿಯುವ ಕಾರಿನಂತೆ ಇರುವುದೇ ಇಲ್ಲ: ಶುಕ್ರವಾರ ಹಲವರು ಈಗಾಗಲೇ ಬಹಳ ಓಡಿದ ಹಳೆಯ ಎಂಜಿನ್ನನ್ನು ಕೂರಿಸುತ್ತಾರೆ, ವಿಂಗನ್ನು ಒಂದು ಗಂಟೆಯೊಳಗೆ ಎರಡು ಸಲ ಬದಲಿಸುತ್ತಾರೆ. ಒಂದೊಂದು ಸಲ ಹೊರಬಂದಾಗಲೂ ಅದು ಬೇರೆಯೇ ಕಾರು ಎಂದುಕೊಂಡರೆ ನೋಡುವವರಿಗೆ ಗೊಂದಲ ಕಡಿಮೆಯಾಗುತ್ತದೆ.

ಮಲ್ಪೆ ಶೆಟ್ಟಿ
ಕೋಣಕ್ಕೆ ಎಂಜಿನ್ ಬದಲಿಸಲು ಆಗುವುದಿಲ್ಲ ಎಂಬುದು ಒಪ್ಪತಕ್ಕ ಮಾತು.

ಪಡುಬಿದ್ರಿ ಭಟ್ಟ
ನೀವೆಲ್ಲ ಎಂಜಿನಿಯರುಗಳ ಕಣ್ಣಿನಿಂದ ನೋಡುತ್ತಿದ್ದೀರಿ. ನಾನು ಫಲಿತಾಂಶವನ್ನು ಮುಂದಿಡುತ್ತೇನೆ, ಉತ್ತರ ಕೊಡಿ. 2020ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮಂಜಿನಿಂದಾಗಿ ವೈದ್ಯಕೀಯ ಹೆಲಿಕಾಪ್ಟರ್ ಹಾರಲಾರದೆ ಶುಕ್ರವಾರದ ಎರಡೂ ಅಭ್ಯಾಸಗಳು ರದ್ದಾದವು. ಶನಿವಾರ ರೇಸಿಂಗ್ ಪಾಯಿಂಟ್ ತಂಡದ ಲ್ಯಾನ್ಸ್ ಸ್ಟ್ರೋಲ್‌ಗೆ ಹುಷಾರಿಲ್ಲದೆ ನಿಕೊ ಹುಲ್ಕೆನ್‌ಬರ್ಗ್‌ನನ್ನು ಅವಸರದಲ್ಲಿ ಕರೆಸಿದರು. ಅಭ್ಯಾಸದ ಒಂದು ಸುತ್ತನ್ನೂ ಓಡದೆ ನೇರವಾಗಿ ಕ್ವಾಲಿಫೈಯಿಂಗ್‌ಗೆ ಇಳಿದ ಆತ ಕೊನೆಯ ಸ್ಥಾನದಿಂದ ಹೊರಟು ಎಂಟನೆಯವನಾಗಿ ಮುಗಿಸಿದ. 2022ರ ಮೊನ್ಜಾದಲ್ಲಿ ನಿಕ್ ಡಿ ವ್ರೀಸ್ ಶುಕ್ರವಾರ ಆಸ್ಟನ್ ಮಾರ್ಟಿನ್ ಕಾರನ್ನು ಓಡಿಸಿ, ಶನಿವಾರ ಆಲ್ಬನ್‌ಗೆ ಅಪೆಂಡಿಸೈಟಿಸ್ ಆದದ್ದರಿಂದ ವಿಲಿಯಮ್ಸ್ ಕಾರಿಗೆ ಹತ್ತಿ, ಭಾನುವಾರ ಒಂಬತ್ತನೆಯವನಾದ. 2024ರಲ್ಲಿ ಜೆಡ್ಡಾದಲ್ಲಿ 18 ವರ್ಷದ ಆಲಿವರ್ ಬೇರ್‌ಮನ್ ಫೆರಾರಿಯಲ್ಲಿ ಒಂದೇ ಒಂದು ಅಭ್ಯಾಸ ಓಟದ ಬಲದಿಂದ ಏಳನೆಯವನಾದ. ಅಭ್ಯಾಸ ಅಷ್ಟು ಅಗತ್ಯವಾಗಿದ್ದರೆ ಈ ಮೂವರೂ ಪಾಯಿಂಟ್ ಗಳಿಸಿದ್ದು ಹೇಗೆ?

ಮಣಿಪಾಲ ಮೆಕ್ಯಾನಿಕಲ್
ಮೂರೂ ಉದಾಹರಣೆಗಳು ನಿಜ, ಅವುಗಳಿಂದ ನೀವು ತೆಗೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ. ಬೇರ್‌ಮನ್ ಕುಳಿತ ಕಾರಿಗೆ ಹಿಂದಿನ ದಿನದ ಎರಡು ಅಭ್ಯಾಸಗಳನ್ನು ಕಾರ್ಲೋಸ್ ಸೈನ್ಸ್ ಓಡಿಸಿದ್ದ, ಪಕ್ಕದ ಗ್ಯಾರೇಜಿನಲ್ಲಿ ಅದೇ ತಂಡದ ಲೆಕ್ಲೆರ್ಕ್ ಇದ್ದ. ಹುಲ್ಕೆನ್‌ಬರ್ಗ್ ಅದೇ ವರ್ಷದ ಆಗಸ್ಟಿನಲ್ಲಿ ಅದೇ ಕಾರಿನಲ್ಲಿ ಸಿಲ್ವರ್‌ಸ್ಟೋನ್‌ನಲ್ಲಿ ಓಡಿದ್ದ. ಅಭ್ಯಾಸ ಇಲ್ಲದೆ ಹೋದದ್ದು ಚಾಲಕನಿಗೆ, ತಂಡಕ್ಕೆ ಅಲ್ಲ. ಚಾಲಕ ಪ್ರತಿಭಾವಂತನಾದರೆ ಹತ್ತು ಸುತ್ತುಗಳಲ್ಲಿ ಕಲಿಯುತ್ತಾನೆ, ಆದರೆ ಕಾರಿನ ತಳವನ್ನು ನೆಲದಿಂದ ಎಷ್ಟು ಮಿಲಿಮೀಟರ್ ಎತ್ತರದಲ್ಲಿ ಇಡಬೇಕೆಂದು ಪ್ರತಿಭೆಯಿಂದ ಹೇಳಲು ಆಗುವುದಿಲ್ಲ.

ಇಡೀ ತಂಡಕ್ಕೇ ಅಭ್ಯಾಸ ಸಾಲದೆ ಹೋದರೆ ಏನಾಗುತ್ತದೆಂದು ಕೇಳಿದರೆ 2023ರ ಆಸ್ಟಿನ್ ರೇಸನ್ನು ನೋಡಿ. ಅದು ಮುಖ್ಯ ರೇಸಿಗೆ ಮೊದಲು ಸಣ್ಣ ರೇಸೊಂದೂ ಇರುವ ಸ್ಪ್ರಿಂಟ್ ವಾರಾಂತ್ಯವಾದ್ದರಿಂದ ಒಂದೇ ಗಂಟೆಯ ಅಭ್ಯಾಸವಿತ್ತು, ಅದಾದ ಮೇಲೆ ಕಾರಿನ ಹೊಂದಾಣಿಕೆಯನ್ನು, ಅಂದರೆ ಸೆಟಪ್ಪನ್ನು, ಬದಲಿಸಲು ಅವಕಾಶವಿರಲಿಲ್ಲ. ಉಬ್ಬುತಗ್ಗಿನ ಆ ಟ್ರ್ಯಾಕಿನಲ್ಲಿ ಕಾರನ್ನು ಎಷ್ಟು ತಗ್ಗಿಸಬಹುದು ಎಂಬುದನ್ನು ಪೂರ್ತಿ ಇಂಧನ ತುಂಬಿಸಿ ಸಾಕಷ್ಟು ಸುತ್ತು ಓಡಿಸದೆ ತಿಳಿಯುವುದು ಕಷ್ಟ. ಕಾರಿನ ತಳಕ್ಕೆ ಜೋಡಿಸಿದ ಹಲಗೆ ಹೊಸದಾಗಿದ್ದಾಗ 10 ಮಿಲಿಮೀಟರ್ ದಪ್ಪವಿರುತ್ತದೆ, ಸವೆದು 9ಕ್ಕಿಂತ ಕಡಿಮೆಯಾದರೆ ಅನರ್ಹತೆ. ಎರಡನೆಯವನಾಗಿ ಮುಗಿಸಿದ ಹ್ಯಾಮಿಲ್ಟನ್ ಮತ್ತು ಆರನೆಯವನಾದ ಲೆಕ್ಲೆರ್ಕ್ ಇಬ್ಬರನ್ನೂ ರೇಸಿನ ಬಳಿಕ ಪಟ್ಟಿಯಿಂದ ತೆಗೆದರು. ಮರುವರ್ಷ ನಿಯಮವನ್ನು ಸಡಿಲಿಸಿ, ಸ್ಪ್ರಿಂಟ್ ಮುಗಿದ ಮೇಲೆ ಕ್ವಾಲಿಫೈಯಿಂಗ್‌ಗೆ ಮೊದಲು ಸೆಟಪ್ ಬದಲಿಸಲು ಬಿಟ್ಟರು.

ಪಡುಬಿದ್ರಿ ಭಟ್ಟ
ಅದನ್ನೇ ನಾನು ಹೇಳುವುದು! ಎಲ್ಲವನ್ನೂ ಮೊದಲೇ ಅಳೆದು ತೂಗಿ ಬಂದರೆ ಭಾನುವಾರ ನೋಡುವುದಕ್ಕೆ ಏನು ಉಳಿಯುತ್ತದೆ? ಅಭ್ಯಾಸ ಕಡಿಮೆಯಿದ್ದಲ್ಲಿ ಘಟಾನುಘಟಿ ತಂಡಗಳೂ ಎಡವುತ್ತವೆ, ಆಗಲೇ ರೇಸಿಗೆ ಜೀವ ಬರುವುದು.

ಉಳ್ಳಾಲದ ರ‍್ಯಾಲಿಪ್ರಿಯ
ಭಟ್ರಿಗೆ ಹಾಗಿದ್ದರೆ ರ‍್ಯಾಲಿ ಇಷ್ಟವಾಗಬೇಕು. ವಿಶ್ವ ರ‍್ಯಾಲಿಯಲ್ಲಿ ಸ್ಪರ್ಧೆಯ ದಾರಿಯ ಪ್ರತಿ ಹಂತವನ್ನು ಮೊದಲೇ ನೋಡಲು ಸಿಗುವುದು ಎರಡು ಸಲ, ಅದೂ ವೇಗದ ಮಿತಿಯೊಳಗೆ. ಚಾಲಕ ಹೇಳುತ್ತಾ ಹೋಗುತ್ತಾನೆ, ಪಕ್ಕದಲ್ಲಿ ಕುಳಿತ ಸಹಚಾಲಕ ತಿರುವು ಎಷ್ಟು ಕಡಿದಾಗಿದೆ ಎಂಬುದು, ದಿಬ್ಬ, ಅಂಚಿನ ಕಲ್ಲು ಎಲ್ಲವನ್ನೂ ಪುಸ್ತಕದಲ್ಲಿ ಸಂಕೇತಗಳಾಗಿ ಬರೆದುಕೊಳ್ಳುತ್ತಾನೆ. ಸ್ಪರ್ಧೆಯ ಕಾರಿನ ಸೆಟಪ್ ನೋಡುವುದಕ್ಕೆ ಶೇಕ್‌ಡೌನ್ ಎಂಬ ಸಣ್ಣ ಓಟವೊಂದಿರುತ್ತದೆ. ಅಷ್ಟರ ಮೇಲೆ ಪೂರ್ತಿ ವೇಗದಲ್ಲಿ ಹೋಗಬೇಕು. ಗೌರವ್ ಗಿಲ್ ಪಕ್ಕದಲ್ಲಿ ಕುಳಿತು ರಾಷ್ಟ್ರೀಯ ರ‍್ಯಾಲಿ ಗೆದ್ದ ನಮ್ಮ ಕರಾವಳಿಯ ಮೂಸಾ ಶರೀಫ್ ಅವರ ಸಾಧನೆಯ ದೊಡ್ಡ ಪಾಲು ಆ ಪುಸ್ತಕದಲ್ಲಿದೆ ಎಂದು ನಾನು ತಿಳಿದಿದ್ದೇನೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿಯಲ್ಲಿ ಒಂದು ತಿರುವನ್ನು ತಪ್ಪಾಗಿ ಬರೆದುಕೊಂಡರೆ ಕಾರು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಲ್ಲುತ್ತದೆ. ಅಭ್ಯಾಸ ಕಡಿಮೆಯಾದಷ್ಟೂ ತಯಾರಿಯ ಹೊರೆ ಬೇರೆ ಕಡೆಗೆ ದಾಟುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಸುರತ್ಕಲ್ ಸುಧಾ
ಫಾರ್ಮುಲಾ ವನ್‌ನಲ್ಲಿಯೂ ಆದದ್ದು ಅದೇ. 2009ರಲ್ಲಿ ಋತುವಿನ ನಡುವಿನ ಖಾಸಗಿ ಪರೀಕ್ಷೆಗಳನ್ನು ನಿಲ್ಲಿಸಿದರು. ಅದಕ್ಕೆ ಮೊದಲು ಫೆರಾರಿಯವರು ಮನೆ ಹಿಂದಿನ ತಮ್ಮದೇ ಟ್ರ್ಯಾಕಾದ ಫಿಯೊರಾನೊದಲ್ಲಿ ಬೇಕೆಂದಾಗಲೆಲ್ಲ ಓಡಿಸುತ್ತಿದ್ದರು. 2021ರಲ್ಲಿ ಶುಕ್ರವಾರದ ಅಭ್ಯಾಸಗಳನ್ನು 90 ನಿಮಿಷದಿಂದ 60ಕ್ಕೆ ಇಳಿಸಿದರು. ಭಟ್ರು ಬಯಸಿದಂತೆ ಗೊಂದಲ ಹೆಚ್ಚಾಯಿತೇ ಎಂದರೆ, ಮೊದಮೊದಲು ಆಯಿತು, ಆಮೇಲೆ ಕೆಲಸವೆಲ್ಲ ಸಿಮ್ಯುಲೇಟರಿಗೆ ಹೋಯಿತು. ಶುಕ್ರವಾರ ರಾತ್ರಿ ಟ್ರ್ಯಾಕಿನಲ್ಲಿರುವ ತಂಡದ ಸಿಬ್ಬಂದಿ ರಾತ್ರಿ ಕೆಲಸ ಮಾಡಬಾರದೆಂಬ ಕರ್ಫ್ಯೂ ನಿಯಮದಂತೆ ಹೊಟೇಲಿಗೆ ಹೋದ ಮೇಲೆ, ರೆಡ್ ಬುಲ್‌ನವರಿಗೆ ಕಾರ್ಖಾನೆಯಿರುವ ಮಿಲ್ಟನ್ ಕೀನ್ಸ್‌ನಲ್ಲಿ ಸೆಬಾಸ್ಟಿಯನ್ ಬುಯೆಮಿಯಂತಹ ಅನುಭವಿ ಚಾಲಕರು ಸಿಮ್ಯುಲೇಟರಿನಲ್ಲಿ ಕುಳಿತು, ಆ ದಿನದ ದತ್ತಾಂಶಕ್ಕೆ ಯಂತ್ರವನ್ನು ಹೊಂದಿಸಿ, ಬೆಳಗಿನವರೆಗೆ ಬೇರೆ ಬೇರೆ ಸೆಟಪ್ಪುಗಳನ್ನು ಓಡಿಸಿ ನೋಡಿದ್ದುಂಟು. ಶುಕ್ರವಾರ ಹಿಂದೆ ಬಿದ್ದ ತಂಡ ಶನಿವಾರ ಇದ್ದಕ್ಕಿದ್ದಂತೆ ವೇಗ ಪಡೆದರೆ ಅದರ ಹಿಂದೆ ಯಾರೋ ನಿದ್ದೆಗೆಟ್ಟಿರುತ್ತಾರೆ. ಇಂತಹ ಸೌಕರ್ಯ ಸಣ್ಣ ತಂಡಗಳಲ್ಲಿ ದೊಡ್ಡವರಷ್ಟು ಇರುವುದಿಲ್ಲ. ಹಾಗಾಗಿ ಅಭ್ಯಾಸವನ್ನು ಕಡಿತಗೊಳಿಸಿದರೆ ಬಡವರಿಗೆ ಲಾಭವೆಂಬ ವಾದವನ್ನು ನಾನು ಒಪ್ಪುವುದಿಲ್ಲ.

ಬಂಟ್ವಾಳ ಬೈಕರ್
ಬೈಕುಗಳ ವಿಶ್ವ ಸ್ಪರ್ಧೆಯಾದ ಮೋಟೊ ಜಿಪಿಯಲ್ಲಿ ಈ ಜಗಳವೇ ಇಲ್ಲ, ಯಾಕೆಂದರೆ ಅಲ್ಲಿ ಶುಕ್ರವಾರ ಮಧ್ಯಾಹ್ನದ ಅಭ್ಯಾಸಕ್ಕೆ ಬೆಲೆಯಿದೆ. ಅದರಲ್ಲಿ ಮೊದಲ ಹತ್ತು ಮಂದಿಯೊಳಗೆ ಬಂದವರು ಕ್ವಾಲಿಫೈಯಿಂಗ್‌ನ ಎರಡನೆಯ ಹಂತಕ್ಕೆ ನೇರವಾಗಿ ಹೋಗುತ್ತಾರೆ, ಉಳಿದವರು ಮೊದಲ ಹಂತದಲ್ಲಿ ಎರಡು ಸ್ಥಾನಗಳಿಗಾಗಿ ಕಾದಾಡಬೇಕು. ಕೊನೆಯ ಹತ್ತು ನಿಮಿಷಗಳಲ್ಲಿ ಎಲ್ಲರೂ ಹೊಸ ಮೃದು ಟಯರ್ ಹಾಕಿಕೊಂಡು ಪ್ರಾಣ ಒತ್ತೆಯಿಟ್ಟು ಓಡಿಸುತ್ತಾರೆ. ಪಟ್ಟಿಯನ್ನು ನಂಬಬಹುದಾದ ಶುಕ್ರವಾರ ಬೇಕಿದ್ದರೆ ಅಲ್ಲಿಗೆ ಬನ್ನಿ. 2023ರ ಸೆಪ್ಟೆಂಬರಿನಲ್ಲಿ ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟಿಗೆ ಅವರು ಬಂದಾಗ ಯಾರಿಗೂ ಅಲ್ಲಿನ ದತ್ತಾಂಶವಿರಲಿಲ್ಲ, ಶುಕ್ರವಾರ ಎಲ್ಲರೂ ಶೂನ್ಯದಿಂದ ಆರಂಭಿಸಿದರು. ಕೊನೆಗೆ ಬೆಜ್ಜೆಕಿ ಗೆದ್ದ.

ಮಣಿಪಾಲ ಮೆಕ್ಯಾನಿಕಲ್
ಬೈಕರ್ ಅವರೇ, ಅದಕ್ಕೆ ಬೆಲೆ ತೆರುವುದೂ ಅಲ್ಲಿಯೇ. ಶುಕ್ರವಾರವೇ ವೇಗದ ಸುತ್ತಿಗಾಗಿ ಹೊಡೆದಾಡಿದರೆ ರೇಸಿನ ಟಯರ್ ಎಷ್ಟು ಸುತ್ತು ಬಾಳುತ್ತದೆಂದು ನೋಡಲು ಸಮಯ ಉಳಿಯುವುದಿಲ್ಲ ಎಂದು ಸವಾರರೇ ದೂರಿದ್ದರಿಂದ, ಶುಕ್ರವಾರ ಬೆಳಗಿನ ಓಟವನ್ನು ಲೆಕ್ಕಕ್ಕೆ ಹಿಡಿಯುವುದನ್ನು 2023ರ ನಡುವೆಯೇ ಕೈಬಿಡಬೇಕಾಯಿತು.

ಕಾರ್ಕಳದ ಕೋಣ
ಬುದ್ಧ ಸರ್ಕ್ಯೂಟ್ ಎಂದಾಗ ನೆನಪಾಯಿತು. 2011ರಲ್ಲಿ ನಮ್ಮಲ್ಲಿ ಮೊದಲ ಫಾರ್ಮುಲಾ ವನ್ ನಡೆದಾಗ ಮೊದಲ ಅಭ್ಯಾಸದಲ್ಲಿ ಟ್ರ್ಯಾಕಿಗೆ ಇಳಿದು ಎಲ್ಲರನ್ನೂ ನಿಲ್ಲಿಸಿದ್ದು ಒಂದು ಬೀದಿನಾಯಿ. ಅದರ ಸಮಯ ಪಟ್ಟಿಯಲ್ಲಿ ಬರಲಿಲ್ಲ.

ಉಳ್ಳಾಲದ ರ‍್ಯಾಲಿಪ್ರಿಯ
ನಗಬೇಡಿ, ಅದೂ ಅಭ್ಯಾಸ ಓಟದ ಉಪಯೋಗವೇ. ನಾಯಿ ಶುಕ್ರವಾರ ಬಂದದ್ದರಿಂದ ಬೇಲಿಯ ಕಂಡಿ ತಿಳಿಯಿತು, ಭಾನುವಾರ ಬಂದಿದ್ದರೆ ಏನಾಗುತ್ತಿತ್ತು? ತಂಡಗಳಿಗಿಂತ ಮೊದಲು ಟ್ರ್ಯಾಕಿನವರಿಗೆ ಪರೀಕ್ಷೆಯಾಗುವುದು ಇಲ್ಲಿ. 2023ರ ಲಾಸ್ ವೇಗಸ್‌ನಲ್ಲಿ ಮೊದಲ ಅಭ್ಯಾಸ ಆರಂಭವಾಗಿ 8 ನಿಮಿಷಗಳಿಗೇ ನಿಂತಿತು. ರಸ್ತೆಯ ನೀರಿನ ವಾಲ್ವಿನ ಮುಚ್ಚಳವೊಂದು ಕಿತ್ತು ಬಂದು ಸೈನ್ಸ್‌ನ ಫೆರಾರಿಯ ತಳವನ್ನೇ ಒಡೆಯಿತು. ರಾತ್ರಿಯೆಲ್ಲ ರಸ್ತೆಯ ಮುಚ್ಚಳಗಳನ್ನು ಭದ್ರಪಡಿಸಿ, ಎರಡನೆಯ ಅಭ್ಯಾಸವನ್ನು 90 ನಿಮಿಷಕ್ಕೆ ಹಿಗ್ಗಿಸಿ, ಪ್ರೇಕ್ಷಕರನ್ನು ಮನೆಗೆ ಕಳಿಸಿ, ಬೆಳಗಿನ ಜಾವ 4 ಗಂಟೆಯವರೆಗೆ ಓಡಿಸಿದರು. ಟಿಕೆಟು ಮಾರಲೆಂದೇ ಅಭ್ಯಾಸವಿದ್ದರೆ ಖಾಲಿ ಗ್ಯಾಲರಿಗಳ ಮುಂದೆ ಓಡಿಸುತ್ತಿದ್ದರೇ, ಭಟ್ರೇ?

ಪಡುಬಿದ್ರಿ ಭಟ್ಟ
ಟಿಕೆಟಿನ ಹಣ ಬಂದಾಗಿತ್ತಲ್ಲ!

ಏನೂ ತಪ್ಪು ಮಾಡದ ಸೈನ್ಸ್‌ಗೆ ಬ್ಯಾಟರಿ ಬದಲಿಸಿದ್ದಕ್ಕೆ ಹೊರಡುವ ಸಾಲಿನಲ್ಲಿ 10 ಸ್ಥಾನ ಹಿಂದಕ್ಕೆ ಹೋಗುವ ದಂಡವನ್ನೂ ಹಾಕಿದರು, ಅದನ್ನು ನೀವು ಬರೆಯಲಿಲ್ಲ. ಅಭ್ಯಾಸಕ್ಕೆ ಇಳಿದರೆ ಕಳೆದುಕೊಳ್ಳುವುದೂ ಇದೆ ಎಂಬುದಕ್ಕೆ ಇನ್ನೊಂದು ಉದಾಹರಣೆ 2018ರ ಮೊನಾಕೊದ್ದು. ಅಲ್ಲಿ ವರ್ಸ್ಟಾಪನ್ ಮೂರನೆಯ ಅಭ್ಯಾಸದ ಕೊನೆಯಲ್ಲಿ ಗೋಡೆಗೆ ಹೊಡೆದು, ಕ್ವಾಲಿಫೈಯಿಂಗ್ ತಪ್ಪಿಸಿಕೊಂಡು, ಕೊನೆಯಿಂದ ಹೊರಡಬೇಕಾಯಿತು.

ಸುರತ್ಕಲ್ ಸುಧಾ
ಆ ಅಪಾಯ ನಿಜ. ಆದರೂ ಮೊನಾಕೊದಲ್ಲಿ ಚಾಲಕನಿಗೆ ಗೋಡೆಯ ಹತ್ತಿರಕ್ಕೆ ಒಂದೊಂದೇ ಅಂಗುಲ ಸರಿಯಲು ಅಭ್ಯಾಸ ಬಿಟ್ಟು ಬೇರೆ ದಾರಿಯಿಲ್ಲ.

ಕದ್ರಿಯವರ ಮೂಲ ಪ್ರಶ್ನೆ ಹಿಂದೆ ಬೀಳುತ್ತಿದೆ. ಆರಂಭದಲ್ಲಿ ಶೆಟ್ರು ಹೇಳಿದ ಹತ್ತು ಸುತ್ತಿನ ಸರಾಸರಿಗೆ ಬರೋಣ. ಸಾಮಾನ್ಯವಾಗಿ ಎರಡನೆಯ ಅಭ್ಯಾಸದ ಮೊದಲ ಅರ್ಧದಲ್ಲಿ ಮೃದು ಟಯರಿನಲ್ಲಿ ಕಡಿಮೆ ಇಂಧನದ ವೇಗದ ಸುತ್ತು ಇರುತ್ತದೆ, ಪಟ್ಟಿಯ ಸಮಯ ಅಲ್ಲಿಂದ ಬರುತ್ತದೆ. ಕೊನೆಯ ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ಹೆಚ್ಚು ಇಂಧನ ತುಂಬಿಸಿ ಒಂದೇ ಟಯರಿನಲ್ಲಿ ಬಿಡದೆ ಓಡುತ್ತಾರೆ. ಆ ಹೊತ್ತಿನಲ್ಲಿ ಪಟ್ಟಿ ಬದಲಾಗುವುದಿಲ್ಲವಾದ್ದರಿಂದ ನಮ್ಮಲ್ಲಿ ಹಲವರು ಊಟಕ್ಕೆ ಏಳುತ್ತಾರೆ. ಎಂಜಿನಿಯರುಗಳು ಕಾಯುವುದು ಅದಕ್ಕಾಗಿಯೇ. ಒಬ್ಬನ ಸುತ್ತುಗಳು 1:36.0, 36.1, 36.1, 36.2 ಎಂದು ಹೋದರೆ, ಇನ್ನೊಬ್ಬನದು 35.7ರಲ್ಲಿ ಆರಂಭವಾಗಿ ಎಂಟನೆಯ ಸುತ್ತಿಗೆ 36.9 ಆಯಿತೆಂದುಕೊಳ್ಳಿ. ಪಟ್ಟಿಯಲ್ಲಿ ಎರಡನೆಯವನು ಮೇಲಿರಬಹುದು, ಆದರೆ ಭಾನುವಾರ ಟಯರ್ ಬದಲಿಸಲು ಒಂದು ಪಿಟ್ ನಿಲುಗಡೆ ಹೆಚ್ಚು ಬೇಕಾಗುವುದು ಅವನಿಗೇ.

ಇದರಲ್ಲಿಯೂ ಒಂದು ಮೋಸವಿದೆ. ಓಡಿದಂತೆ ಇಂಧನ ಸುಟ್ಟು ಕಾರು ಹಗುರವಾಗುತ್ತದೆ. 110 ಕಿಲೋವನ್ನು 60 ಸುತ್ತುಗಳಿಗೆ ಹಂಚಿದರೆ ಸುತ್ತಿಗೆ 1.8 ಕಿಲೋ ಆಗುತ್ತದೆ, ಅಂದರೆ ಪ್ರತಿ ಸುತ್ತಿಗೆ 0.05 ಸೆಕೆಂಡು ತನ್ನಿಂದ ತಾನೇ ಲಾಭ. ಸಮಯ ಒಂದೇ ಸಮನೆ ಇದೆಯೆಂದರೆ ಟಯರ್ ಸವೆಯುತ್ತಿಲ್ಲವೆಂದಲ್ಲ, ಅಷ್ಟೇ ಪ್ರಮಾಣದಲ್ಲಿ ಸವೆಯುತ್ತಿದೆ ಎಂದು. ಈ ಲೆಕ್ಕವನ್ನು ಕಳೆದ ಮೇಲೆ ಉಳಿಯುವ ಗೆರೆಯೇ ರೇಸಿನ ತಂತ್ರದ ಬುನಾದಿ: ಯಾವ ಟಯರಿನಲ್ಲಿ ಹೊರಡಬೇಕು, ಯಾವ ಸುತ್ತಿನಲ್ಲಿ ಒಳಗೆ ಕರೆಯಬೇಕು ಎಂಬುದೆಲ್ಲ ಅಲ್ಲಿಂದ ಹುಟ್ಟುತ್ತದೆ.

ಮಣಿಪಾಲ ಮೆಕ್ಯಾನಿಕಲ್
ಸುಧಾ ಅವರು ಹೇಳಿದ ಸವೆತವನ್ನು ನಾನು ಸಣ್ಣ ಪ್ರಮಾಣದಲ್ಲಿ ಕೈಯಾರೆ ಅಳೆದಿದ್ದೇನೆ. ಕಾಲೇಜಿನ ದಿನಗಳಲ್ಲಿ ನಮ್ಮ ವಿದ್ಯಾರ್ಥಿ ತಂಡ ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟಿತ್ತು, ಅದರ ಸಹನಾ ಓಟ ಸುಮಾರು 22 ಕಿಲೋಮೀಟರಿನದು. ಖಾಲಿ ಪಾರ್ಕಿಂಗ್ ಜಾಗದಲ್ಲಿ ಕೋನುಗಳನ್ನು ಇಟ್ಟು ಓಡಿಸಿ, ಕಾರು ಬಂದು ನಿಂತ ಕೂಡಲೇ ಮಂಡಿಯೂರಿ ಟಯರಿನ ರಬ್ಬರಿಗೆ ಸೂಜಿಯ ಉಷ್ಣಮಾಪಕವನ್ನು ಮೂರು ಕಡೆ ಚುಚ್ಚಬೇಕು: ಒಳ ಅಂಚು, ನಡು, ಹೊರ ಅಂಚು. ನಾಲ್ಕು ಚಕ್ರಗಳಿಗೆ ಹನ್ನೆರಡು ಅಂಕೆಗಳು. ತಡವಾದಷ್ಟೂ ರಬ್ಬರ್ ತಣಿದು ಅಂಕೆ ಸುಳ್ಳಾಗುವುದರಿಂದ ಒಬ್ಬ ಚುಚ್ಚುತ್ತಾ ಕೂಗಿ ಹೇಳುತ್ತಿದ್ದ, ಇನ್ನೊಬ್ಬ ಬೆವರು ತೊಟ್ಟಿಕ್ಕುವ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ನಡುಭಾಗ ಹೆಚ್ಚು ಬಿಸಿಯಾಗಿದ್ದರೆ ಗಾಳಿ ಜಾಸ್ತಿಯಾಗಿದೆ, ಒಳ ಅಂಚು ಅತಿಯಾಗಿ ಬಿಸಿಯಾಗಿದ್ದರೆ ಚಕ್ರ ಒಳಕ್ಕೆ ಹೆಚ್ಚು ವಾಲಿದೆ ಎಂದು ತಿಳಿದು ಸರಿಪಡಿಸುತ್ತಿದ್ದೆವು. ಯಾರು ವೇಗವಾಗಿ ಓಡಿಸಿದರೆಂಬ ಮಾತೇ ಆ ಹೊತ್ತಿಗೆ ಬರುತ್ತಿರಲಿಲ್ಲ. ಫಾರ್ಮುಲಾ ವನ್ ಕಾರು ಇದನ್ನು ಓಡುತ್ತಿರುವಾಗಲೇ ಸಂವೇದಕಗಳಿಂದ ಕಳಿಸುತ್ತದೆ, ಆದರೆ ಕೇಳುವ ಪ್ರಶ್ನೆ ಬೇರೆಯಲ್ಲ.

ಬಂಟ್ವಾಳ ಬೈಕರ್
ಮೊದಲ ಅಭ್ಯಾಸದಲ್ಲಿ ಕೆಲವೊಮ್ಮೆ ಹೆಸರೇ ಕೇಳದ ಚಾಲಕರು ಇರುತ್ತಾರಲ್ಲ, ಅವರಿಂದ ತಂಡಕ್ಕೆ ನಷ್ಟವಲ್ಲವೇ?

ಸುರತ್ಕಲ್ ಸುಧಾ
ಅದು ತಂಡದ ಇಷ್ಟವಲ್ಲ, ನಿಯಮ. ಎರಡಕ್ಕಿಂತ ಹೆಚ್ಚು ರೇಸ್ ಓಡದ ಹೊಸಬರಿಗೆ ಪ್ರತಿ ತಂಡ ವರ್ಷಕ್ಕೆ ಎರಡು ಮೊದಲ ಅಭ್ಯಾಸಗಳನ್ನು ಬಿಟ್ಟುಕೊಡಬೇಕೆಂದು 2022ರಲ್ಲಿ ಬಂತು, 2025ರಲ್ಲಿ ಅದು ನಾಲ್ಕಾಯಿತು. ಖಾಸಗಿ ಪರೀಕ್ಷೆ ನಿಂತ ಮೇಲೆ ಹೊಸಬರು ನಿಜವಾದ ಕಾರಿನಲ್ಲಿ ಕೂರಲು ಉಳಿದ ಮುಖ್ಯ ಬಾಗಿಲು ಇದೇ. ಹೊಸಬನಿಗೆ ಹೆಚ್ಚಾಗಿ ಗಾಳಿಯ ಅಳತೆಯಂತಹ ಕೆಲಸಗಳನ್ನೇ ಕೊಟ್ಟು ತಂಡಗಳು ನಷ್ಟವನ್ನು ತುಂಬಿಕೊಳ್ಳುತ್ತವೆ.

ಕದ್ರಿ ಕಂಬಳದವ
ಎಲ್ಲರಿಗೂ ವಂದನೆಗಳು. ಕೊನೆಯದಾಗಿ ಒಂದು ಮಾತು ಕೇಳುತ್ತೇನೆ. ಬಹರೈನ್, ಅಬುಧಾಬಿಯಂತಹ ಕಡೆಗಳಲ್ಲಿ ಯಾವ ಅಭ್ಯಾಸವನ್ನು ನೋಡಬೇಕು? ಮಳೆ ಬಂದರೆ ಏನು ಮಾಡಬೇಕು?

ಸುರತ್ಕಲ್ ಸುಧಾ
ಅಲ್ಲಿ ಎರಡನೆಯದನ್ನು ಮಾತ್ರ ನೋಡಿ. ಕ್ವಾಲಿಫೈಯಿಂಗ್ ಮತ್ತು ರೇಸ್ ಸಂಜೆಯ ಹೊತ್ತಿಗೆ ನಡೆಯುವಾಗ, ಮೊದಲ ಮತ್ತು ಮೂರನೆಯ ಅಭ್ಯಾಸಗಳು ಬಿಸಿಲಿನಲ್ಲಿ ನಡೆದು ಟ್ರ್ಯಾಕಿನ ಬಿಸಿಯೇ ಬೇರೆಯಾಗಿರುತ್ತದೆ. ಹಗಲಿನ ಟಯರ್ ಲೆಕ್ಕವನ್ನು ರಾತ್ರಿಗೆ ಅನ್ವಯಿಸಿದರೆ ಸೋಮವಾರದ ಖರ್ಚು ನಿಮ್ಮದೇ.

ಮಣಿಪಾಲ ಮೆಕ್ಯಾನಿಕಲ್
ಮಳೆಯ ವಿಚಾರಕ್ಕೆ ಬಂದರೆ, ಶುಕ್ರವಾರ ಮಳೆಯಿದ್ದು ಭಾನುವಾರ ಬಿಸಿಲೆಂದು ಮುನ್ಸೂಚನೆಯಿದ್ದರೆ ತಂಡಗಳು ಹೊರಗೆ ಬರಲು ಅವಸರಿಸುವುದಿಲ್ಲ. ಒದ್ದೆ ಟ್ರ್ಯಾಕಿನ ಅಳತೆ ಒಣ ರೇಸಿಗೆ ಉಪಯೋಗವಿಲ್ಲ, ಮಳೆಯ ಟಯರಿನ ಸೆಟ್ಟುಗಳಿಗೂ ಮಿತಿಯಿದೆ, ಕಾರು ಗೋಡೆಗೆ ಹೊಡೆದರೆ ಬಿಡಿಭಾಗ ಹೋಗುತ್ತದೆ. ಭಾನುವಾರವೂ ಮಳೆ ಎಂದಿದ್ದರೆ ಮಾತ್ರ ಎಲ್ಲರೂ ಇಳಿಯುತ್ತಾರೆ, ನೀರು ಎಲ್ಲಿ ನಿಲ್ಲುತ್ತದೆ, ಯಾವ ಹೊತ್ತಿಗೆ ಅರೆ ಒದ್ದೆ ಟ್ರ್ಯಾಕಿನ ಇಂಟರ್‌ಮೀಡಿಯಟ್ ಟಯರಿಗೆ ಬದಲಾಗಬಹುದು ಎಂದು ನೋಡುವುದಕ್ಕೆ. ಹಾಗಾಗಿ ಮಳೆಯ ಶುಕ್ರವಾರ ಮುಂಚೂಣಿಯಲ್ಲಿರುವ ಅಪರಿಚಿತ ಹೆಸರನ್ನು ಬರೆಯುವ ಮೊದಲು ಎಷ್ಟು ಕಾರುಗಳು ಹೊರಗೆ ಬಂದಿದ್ದವೆಂದು ಎಣಿಸಿ.

ಮಲ್ಪೆ ಶೆಟ್ಟಿ
ಸ್ಪ್ರಿಂಟ್ ವಾರಾಂತ್ಯದಲ್ಲಿ ಇರುವುದು ಒಂದೇ ಅಭ್ಯಾಸ, ಅದರಲ್ಲಿ ಉದ್ದದ ಓಟಕ್ಕೆ ಸಿಗುವ ಸಮಯವೂ ಬಹಳ ಕಡಿಮೆ. ಆ ವಾರ ಪಂದ್ಯ ಕಟ್ಟಲೇಬೇಡಿ.

ಪಡುಬಿದ್ರಿ ಭಟ್ಟ
ನಾನಾದರೆ ಆ ವಾರವೇ ಕಟ್ಟುತ್ತೇನೆ.